ಶುಕ್ರವಾರದ ಮೊದಲ ಪ್ರಶ್ನೆ

ತತ್ತ್ವಶಾಸ್ತ್ರ ವಿಭಾಗದಲ್ಲಿ ಜಲಜಾಕ್ಷಿ ಮೇಡಂ ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ಶುಕ್ರವಾರದ ಉಪನ್ಯಾಸ ಮುಗಿದ ಮೇಲೆ ಮೊದಲ ಪ್ರಶ್ನೆ ವಿದ್ಯಾರ್ಥಿಯದೇ ಆಗಬೇಕು. ಅಲ್ಲಿಯವರೆಗೆ ಯಾರೂ ಬಾಯಿ ತೆರೆಯುವಂತಿಲ್ಲ.

ಯಾರೂ ಕೇಳದಿದ್ದರೆ ಫ್ಯಾನಿನ ಸದ್ದು ಕೇಳುತ್ತ ಇಡೀ ಸಭೆ ಸುಮ್ಮನೆ ಕೂತಿರುತ್ತಿತ್ತು.

ಮೇಡಂ ನಿವೃತ್ತರಾದರು. ಉಪನ್ಯಾಸ ನಡೆಸುವ ಕೆಲಸ ಅವರ ಶಿಷ್ಯ ತಿಪ್ಪೇಶನ ಪಾಲಿಗೆ ಬಂತು.

ಒಂದು ಶುಕ್ರವಾರ ಕುಲಪತಿಗಳೇ ಬಂದು ಮುಂದಿನ ಸಾಲಿನಲ್ಲಿ ಕೂತರು. ನಿವೃತ್ತಿಯ ನಂತರವೂ ಆಗಾಗ ಬರುತ್ತಿದ್ದ ಮೇಡಂ ಅವತ್ತು ಹಿಂದೆ ಕೂತಿದ್ದರು. ಉಪನ್ಯಾಸ ಸ್ವಾತಂತ್ರ್ಯದ ಬಗ್ಗೆ. ಮುಗಿಯಿತು. ಸಭೆ ಸುಮ್ಮನಾಯಿತು. ಕುಲಪತಿಗಳು ಗಡಿಯಾರ ನೋಡಿಕೊಂಡರು.

ತಿಪ್ಪೇಶ ಒಬ್ಬ ಚುರುಕು ವಿದ್ಯಾರ್ಥಿಗೆ ಕಣ್ಸನ್ನೆ ಮಾಡಿದ. ಅವನು ಎದ್ದು ಅಚ್ಚುಕಟ್ಟಾದ ಪ್ರಶ್ನೆ ಕೇಳಿದ. ಕುಲಪತಿಗಳು ಚಪ್ಪಾಳೆ ತಟ್ಟಿದರು.

ಮರುದಿನ ಸಂಜೆ ಮೇಡಂ ಕೆರೆ ಏರಿಯ ಮೇಲೆ ವಾಕಿಂಗ್ ಹೊರಟಿದ್ದರು. ತಿಪ್ಪೇಶ ಜೊತೆಯಾದ.

"ನಿನ್ನೆ ಹೇಗಿತ್ತು ಮೇಡಂ?"

"ಆ ಪ್ರಶ್ನೆ ಯಾರದು?"

"ಆ ಹುಡುಗಂದೇ."

ಮೇಡಂ ನಡಿಗೆ ಜೋರು ಮಾಡಿದರು.

"ನಂದು ಮೇಡಂ," ಎಂದ ತಿಪ್ಪೇಶ. "ಬೆಳಗ್ಗೆನೇ ಹೇಳಿಕೊಟ್ಟಿದ್ದೆ. ಕುಲಪತಿಗಳ ಎದುರು ಯಾರೂ ಕೇಳದಿದ್ರೆ ಡಿಪಾರ್ಟ್‌ಮೆಂಟ್ ಮರ್ಯಾದೆ..."

"ಉಳೀತಾ?"

"ಉಳೀತು. ಸೆಮಿನಾರ್ ಹಾಲ್‌ಗೆ ಎ.ಸಿ. ಹಾಕಿಸ್ಕೊಡ್ತೀನಿ ಅಂದ್ರು."

"ಒಳ್ಳೇದು. ಇನ್ಮೇಲೆ ನಿದ್ದೆ ಚೆನ್ನಾಗಿ ಬರುತ್ತೆ."

ಸ್ವಲ್ಪ ದೂರ ಹೋದ ಮೇಲೆ ಕೇಳಿದರು: "ಕೊನೇ ಬೆಂಚಲ್ಲಿ ಹುಲಿಗೆಮ್ಮ ಅರ್ಧ ಎದ್ದಿದ್ದಳು. ನೋಡಿದ್ಯಾ?"

ತಿಪ್ಪೇಶ ನಿಂತುಬಿಟ್ಟ. ಹುಲಿಗೆಮ್ಮ ಮೊದಲ ವರ್ಷದ ಎಂ.ಎ.ಯವಳು. ಸೇರಿದಾಗಿನಿಂದ ತರಗತಿಯಲ್ಲಿ ಬಾಯಿಬಿಟ್ಟವಳಲ್ಲ.

"ನಿನ್ನ ಹುಡುಗ ಎದ್ದ. ಅವಳು ದುಪಟ್ಟಾ ಸರಿಮಾಡಿಕೊಳ್ಳೋಕೆ ಎದ್ದವಳ ಹಾಗೆ ಮಾಡಿ ಕೂತುಬಿಟ್ಟಳು."

"ಈಗೇನು ಮಾಡ್ಲಿ ಮೇಡಂ?"

"ಹೋಗು. ಏನು ಕೇಳಬೇಕು ಅಂತಿದ್ದೆ ಅಂತ ಅವಳನ್ನೇ ಕೇಳು."

ಸೋಮವಾರ ಲೈಬ್ರರಿಯ ಮೆಟ್ಟಿಲ ಮೇಲೆ ಹುಲಿಗೆಮ್ಮ ಸಿಕ್ಕಳು.

"ಅವತ್ತಿನ ಪ್ರಶ್ನೆ ನಾನೇ ಹೇಳಿಕೊಟ್ಟಿದ್ದು ಕಣಮ್ಮ. ನೀನು ಏಳ್ತಿದ್ದದ್ದು ನೋಡಲಿಲ್ಲ. ತಪ್ಪಾಯ್ತು. ಈಗ ಕೇಳು."

ಹುಲಿಗೆಮ್ಮ ನಕ್ಕಳು. "ಅಯ್ಯ, ಬಿಡ್ರಿ ಸರ್. ನಂದೇನ್ ದೊಡ್ಡ ಪ್ರಶ್ನಿ ಅಲ್ರಿ. ಅಂವ ಕೇಳಿದ್ದ ಚಲೋ ಇತ್ತು."

"ಅದು ನಾನು ಪುಸ್ತಕದಿಂದ ತೆಗೆದದ್ದು."

"ಅದಕ್ಕ ಚಲೋ ಇತ್ರಿ."

"ಮುಂದಿನ ಶುಕ್ರವಾರ ಕೇಳ್ತೀಯಾ?"

"ನೋಡೋಣ್ರಿ."

ಆ ಶುಕ್ರವಾರ ತಿಪ್ಪೇಶ ಯಾರಿಗೂ ಏನೂ ಹೇಳಿಕೊಡಲಿಲ್ಲ. ಉಪನ್ಯಾಸ ಮುಗಿದ ಮೇಲೆ ಕೊನೇ ಬೆಂಚನ್ನೇ ನೋಡುತ್ತ ಕಾದ. ಹುಲಿಗೆಮ್ಮ ತಲೆ ಎತ್ತಲಿಲ್ಲ. ಕಡೆಗೆ ಯಾರೋ ಎದ್ದು ಹಾಜರಾತಿ ಯಾವಾಗ ಹಾಕ್ತೀರಿ ಎಂದು ಕೇಳಿದರು.

ಸಂಜೆ ಅವನು ಮತ್ತೆ ಕೆರೆ ಏರಿಗೆ ಬಂದ.

"ಪ್ರಶ್ನೆ ಸಿಗಲಿಲ್ಲ ಮೇಡಂ. ಆದ್ರೆ ಹುಡುಗಿ ಒಳ್ಳೆಯವಳು. ನನ್ನ ಮೇಲೆ ಒಂದಿಷ್ಟೂ ಬೇಜಾರಿಲ್ಲ ಅವಳಿಗೆ. ನಕ್ಕು ಬಿಟ್ಟುಬಿಟ್ಟಳು."

ಮೇಡಂ ನೀರಿನ ಕಡೆ ತಿರುಗಿದರು.

"ತನ್ನ ಪ್ರಶ್ನೆಗೂ ಬೆಲೆ ಇದೆ ಅನ್ನಿಸಿದ್ರೆ ತಾನೇ ಬೇಜಾರಾಗೋದು? ಅವಳು ಒಂದು ಮಾತು ಬೈದಿದ್ರೂ ಆಗ್ತಿತ್ತಲ್ಲೋ, ತಿಪ್ಪೇಶ."