ಕೋಟೆ ಬಾಗಿಲ ಕಲ್ಲುಬಾನಿ

ಆ ಊರಿಗೆ ಬರುವ ಹೊಸ ಸೊಸೆಯರು ಕೋಟೆ ಬಾಗಿಲ ಕಲ್ಲುಬಾನಿಗೆ ಒಂದು ಕೊಡ ನೀರು ಸುರಿದೇ ಗಂಡನ ಮನೆಗೆ ಕಾಲಿಡುತ್ತಿದ್ದರು. ಆ ನೀರನ್ನು ದನಗಳು ಕುಡಿಯುತ್ತಿದ್ದವು. ಪ್ರವಾಸಿಗರು ಬರತೊಡಗಿದ ಮೇಲೆ ಬಾನಿಯನ್ನು ತಿಕ್ಕಿ ತೊಳೆದು, ಒಣಗಿಸಿ, ಸುತ್ತ ಹಗ್ಗ ಕಟ್ಟಿ, ಪಕ್ಕದಲ್ಲೊಂದು ಬೋರ್ಡು ನಿಲ್ಲಿಸಿದರು. ಕಡೆಗೂ ತನ್ನ ಬೆಲೆ ಜನಕ್ಕೆ ತಿಳಿಯಿತಲ್ಲ ಎಂದು ಬಾನಿ ಹಿರಿಹಿರಿ ಹಿಗ್ಗಿತು.

ಒಂದು ಮಧ್ಯಾಹ್ನ ಮುದಿ ಹಸು ಕೆಂದಿ ಬಾಯಾರಿ ಬಂದು ಹಗ್ಗದಾಚೆ ನಿಂತಿತು.

"ಬಾನಿಯಕ್ಕ, ಒಂದು ಗುಟುಕು ನೀರು ಕೊಡು."

"ಎಲ್ಲಿಂದ ತರಲವ್ವ? ಪಾಚಿ ಕಟ್ಟುತ್ತದೆ ಅಂತ ಸುರಿಯುವುದನ್ನೇ ನಿಲ್ಲಿಸಿದ್ದಾರೆ."

"ಮತ್ತೆ ಆ ಬೋರ್ಡಿನಲ್ಲಿ ಏನು ಬರೆದಿದೆ?"

"ಹಿಂದೆ ಇಲ್ಲಿ ದನಕರುಗಳು ನೀರು ಕುಡಿಯುತ್ತಿದ್ದವು ಅಂತ."

"ನಾನಿನ್ನೂ ಬದುಕಿದ್ದೀನಲ್ಲಕ್ಕ!" ಎಂದಿತು ಕೆಂದಿ.

ಅಷ್ಟರಲ್ಲಿ ಕಾವಲುಗಾರ ಓಡಿಬಂದು, "ಹೋಯ್, ಫೋಟೊಗೆ ಅಡ್ಡ ನಿಲ್ತೀಯ!" ಎಂದು ಕೋಲೆತ್ತಿ ಅಟ್ಟಿದ. "ಅದನ್ನು ಬಿಡಪ್ಪ" ಎಂದು ಬಾನಿ ಕೂಗಿಕೊಂಡಿತು. ಕಲ್ಲಿನ ಮಾತು ಅವನ ಕಿವಿಗೆ ಬೀಳಲಿಲ್ಲ.

ಮರುವಾರ ಬಾನಿಯ ಪಕ್ಕಕ್ಕೆ ಸಿಮೆಂಟಿನ ಹಸುವೊಂದನ್ನು ತಂದು ನಿಲ್ಲಿಸಿದರು. ಅದರ ಮೂತಿ ಒಣಗಿದ ಬಾನಿಯೊಳಕ್ಕೆ ಬಗ್ಗಿತ್ತು.

"ನೀನಾದರೂ ಇವರನ್ನು ನೀರು ಕೇಳೇ" ಎಂದು ಬಾನಿ ಅಂಗಲಾಚಿತು.

ಸಿಮೆಂಟಿನ ಹಸುವಿಗೆ ಬಾಯಾರಿಕೆಯೇ ಇರಲಿಲ್ಲ.