ಹಾಡದ ಬೆಳ್ಳಿ

“ಕೇಳಿರಯ್ಯಾ ಕೇಳಿರಿ! ನಂದಿವಾಳದ ಸೋವರಸ ಮಹಾಸ್ವಾಮಿಗಳ ಅಪ್ಪಣೆ! ಕಾಲವಾದ ರಾಣಿಯವರ ಪೆಟ್ಟಿಗೆಯಲ್ಲಿ ಸಿಕ್ಕಿದ ಹಳೆಯ ಬೆಳ್ಳಿ ನಾಣ್ಯದ ಮೇಲೆ ಅರಸುಮಗಳು ಲಚ್ಚಲೆ ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಅರಸುಮಗಳನ್ನು ಧಾರೆಯೆರೆದು ಕೊಡಲಾಗುವುದು. ಹೇಳಿದ್ದನ್ನು ನಾಣ್ಯದ ಮೇಲೇ ತೋರಿಸಬೇಕು. ಸತ್ತವರ ಹೆಸರಿನಲ್ಲಿ ಸುಳ್ಳು ಕತೆ ಕಟ್ಟಿದವನಿಗೆ ತಲೆದಂಡ! ಕೇಳಿರಯ್ಯಾ!”

ಡಂಗುರದ ಸದ್ದು ಬೀದಿ ದಾಟಿ ಹೋದಾಗ ಮಾಚ ತನ್ನ ಪಾಡಿಗೆ ಹಗ್ಗ ಹೊಸೆಯುತ್ತಿದ್ದ. ತೊಟ್ಟಿಲಿಗೆ ಹಗ್ಗ, ಕೂಸುಗಳ ಕೊರಳಿಗೆ ದಾರ, ಇಷ್ಟೇ ಅವನ ಕಸುಬು. ಹೆತ್ತ ತಾಯಿ ತಂಗಿ ಬೊಮ್ಮಿಯನ್ನು ಹಡೆದು ಕಣ್ಣು ಮುಚ್ಚಿದ್ದಳು. ಆ ಕೂಸನ್ನು ಸೊಂಟದ ಮೇಲೆ ಹೊತ್ತು ಸಾಕಿದವನು ಇವನೇ. ಅಣ್ಣ ಬಾರದೆ ಅಂಬಲಿ ಮುಟ್ಟದ ಹುಡುಗಿ ಅವಳು. ಅರಸುಮಗಳ ಒಗಟು ತನಗೇಕೆಂದು ಅವನು ಸುಮ್ಮನಾದ.

ಆದರೆ ದೈವಸಂಕಲ್ಪ ನೋಡಿ. ಒಡ್ಡೋಲಗದ ತೂಗುಮಂಚದ ಹಗ್ಗ ಸವೆದಿದೆ, ಬದಲಿಸಿಕೊಡು ಎಂದು ಅವನಿಗೇ ಕರೆ ಬಂತು. ಅವನು ಏಣಿ ಹತ್ತಿ ಗಂಟು ಹಾಕುತ್ತಿದ್ದಾಗ ಕೆಳಗೆ ಒಗಟು ನಡೆದಿತ್ತು.

ರಾಣಿ ಬಡವರ ಮನೆಯ ಹೆಣ್ಣು. ಅರಮನೆಯ ಚಿನಿವಾರರು ಆ ನಾಣ್ಯವನ್ನು ಒರೆಗಲ್ಲಿಗೆ ಉಜ್ಜಿ ನೋಡಿ, ಖೋಟಾ, ಕರಗಿಸಿಬಿಡಿ ಎಂದಿದ್ದರು. ತಾಯಿಯ ಮುಖವೇ ನೆನಪಿಲ್ಲದ ಲಚ್ಚಲೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಿಟ್ಟುಕೊಡಲಿಲ್ಲ. ಖೋಟಾ ನಾಣ್ಯ ತಂದವಳೆಂದು ತನ್ನ ತಾಯಿಯ ಮೇಲೆ ಬಂದ ಈ ಮಾತನ್ನು ಯಾರಾದರೂ ತೊಳೆಯಲಿ ಎಂದು ಕಾದಿದ್ದಳು.

“ಇವಳು ಬೆಳ್ಳಿಯ ಮಗಳು,” ಎಂದಳು ಲಚ್ಚಲೆ ನಾಣ್ಯವನ್ನು ಎತ್ತಿ ಹಿಡಿದು. “ಕಲ್ಲಿನ ಮೇಲೆ ಬಿದ್ದರೆ ಬೆಳ್ಳಿ ಹಾಡಬೇಕು. ಇವಳು ಹಾಡುವುದಿಲ್ಲ. ಇವಳ ದನಿ ಕದ್ದವರಾರು?”

ಸೆಟ್ಟಿಯ ಮಗ ಎದೆ ಸೆಟೆಸಿದ. “ಒಳಗೆ ತಾಮ್ರ, ಮೇಲೆ ಬೆಳ್ಳಿಯ ತಗಡು!”

ಮುದಿ ಚಿನಿವಾರ ನಾಗೋಜ ತಕ್ಕಡಿ ಎತ್ತಿದ. “ಈ ಗಾತ್ರಕ್ಕೆ ತೂಕ ಸರಿಯಾಗಿದೆಯಲ್ಲಪ್ಪಾ. ತಾಮ್ರವಿದ್ದರೆ ಹಗುರವಾಗಬೇಕಿತ್ತು.” ಭಟರು ಸೆಟ್ಟಿಯ ಮಗನನ್ನು ಸೆರೆಗೆ ಒಯ್ದರು.

ನೆರೆನಾಡಿನ ಅರಸುಕುವರ ಮೊದಲನೆಯದನ್ನು ಹಾರಿಸಿ ಎರಡನೆಯದನ್ನು ಕೇಳಿದ. ಲಚ್ಚಲೆ ಹೇಳಿದಳು: “ಇವಳಿಗೆ ಎರಡು ಮುಖ. ಒಂದರಲ್ಲಿ ನಂದಿ ನಿನ್ನೆ ಅಚ್ಚು ಹಾಕಿದಂತಿದ್ದಾನೆ. ಇನ್ನೊಂದು ಅಂಗೈಯ ಹಾಗೆ ಬೋಳು. ಪೇಟೆಯನ್ನೇ ಕಾಣದವಳ ಈ ಒಂದು ಮುಖವನ್ನು ತಿಂದವರಾರು?”

“ರಾಣಿಯವರ ದಿನನಿತ್ಯದ ಪೂಜೆ! ಅರಿಸಿನ ಕುಂಕುಮ ಉಜ್ಜಿ ಉಜ್ಜಿ ಸವೆದಿದೆ.”

“ಪೂಜೆಯಾದರೆ ನಂದಿಯಲ್ಲವೇ ಸವೆಯಬೇಕು, ಸ್ವಾಮೀ?” ಎಂದ ನಾಗೋಜ ಮೆಲ್ಲಗೆ. ಭಟರು ಕುವರನ ತೋಳನ್ನೂ ಹಿಡಿದರು.

“ಅಯ್ಯೋ, ಪೂಜೆಯಲ್ಲ, ಅದು ಅಂಬೆಗಾಲು!”

ಮಾತು ಏಣಿಯ ಮೇಲಿಂದ ಬಿದ್ದಿತ್ತು. ಸಭೆಯೆಲ್ಲ ಕತ್ತೆತ್ತಿತು. ಮಾಚ ನಾಲಿಗೆ ಕಚ್ಚಿಕೊಂಡ.

“ಇಳಿಯೋ,” ಎಂದ ಅರಸ. “ಬಾಯಿ ಬಿಟ್ಟವನು ಮೂರನ್ನೂ ಬಿಡಿಸಬೇಕು.”

ಮಾಚ ಏಣಿ ಇಳಿದು ಬಂದ. ಬೊಮ್ಮಿಯ ನೆನಪಾಯಿತು. ತಾನು ಹೋದರೆ ಅವಳಿಗೆ ಯಾರು? ಶಿವನೇ, ಸುಳ್ಳೊಂದು ಬಾಯಿಗೆ ಬಾರದಿರಲಿ ಎಂದುಕೊಂಡು ನಾಣ್ಯವನ್ನು ಅಂಗೈಗೆ ತೆಗೆದುಕೊಂಡ.

“ತಾಯೀ, ಇದಕ್ಕೆ ಕೊಂಡಿ ಬೆಸೆದಿದ್ದರು. ಕೊಂಡಿ ಬಿದ್ದುಹೋಗಿ ಉಳಿದ ಬೆಸುಗೆ ನಂದಿಯ ನೆತ್ತಿಯ ಮೇಲಿನ ಅಂಚಿನಲ್ಲಿ ಗಂಟಿನಂತಿದೆ, ಬೆರಳಾಡಿಸಿ ನೋಡಿ. ಕೊರಳ ದಾರ ಕಟ್ಟಿಸಲು ಜನ ಇಂಥವನ್ನೇ ತರುತ್ತಾರೆ. ಬೆಸುಗೆ ಬಿದ್ದ ನಾಣ್ಯ ಹಾಡುವುದಿಲ್ಲ.”

ನಾಗೋಜ ಎದ್ದು ನಿಂತ. “ನೆತ್ತಿಯ ಮೇಲೆಯೇ? ದೇವರ ಮೈ ನೋಯಬಾರದೆಂದು ನಾವು ಚಿನಿವಾರರು ಒರೆ ಹಚ್ಚುವುದು ಅಲ್ಲೇ! ಬೆಸುಗೆಯಲ್ಲಿ ತಾಮ್ರ ಬೆರೆತಿರುತ್ತದೆ. ನಾವು ಬೆಸುಗೆಯನ್ನು ಉಜ್ಜಿ ನಾಣ್ಯವನ್ನು ಬೈದೆವೇ?” ಕೆಳಗಿನ ಅಂಚನ್ನು ಕಲ್ಲಿಗೆ ಎಳೆದ. ಗೆರೆ ಮಲ್ಲಿಗೆಯಂತೆ ಬೆಳ್ಳಗೆ ಬಂತು. “ಅಪ್ಪಟ! ಮಹಾಸ್ವಾಮೀ, ಅಪ್ಪಟ ಬೆಳ್ಳಿ!” ಮುದುಕನ ಕಣ್ಣಲ್ಲಿ ನೀರು.

“ಮುಖ?” ಎಂದಳು ಲಚ್ಚಲೆ. ಅವಳ ದನಿ ಸಣ್ಣಗಾಗಿತ್ತು.

“ನಂದಿಯನ್ನು ಕೂಸಿನ ಎದೆಗೆ ತಾಗುವ ಹಾಗೆ ಒಳಮುಖ ಮಾಡಿ ಕಟ್ಟಿದ್ದಾರೆ. ಕೂಸು ತೆವಳುವಾಗ ನೆಲಕ್ಕೆ ಉಜ್ಜಿದ್ದು ಹೊರಮುಖ. ಗೀರುಗಳೆಲ್ಲ ಹೇಗೆ ಒಂದೇ ಕಡೆಗೆ ಓಡಿವೆ ನೋಡಿ. ನನ್ನ ತಂಗಿ ಬೊಮ್ಮಿಯದೂ ಹೀಗೇ ಇದೆ.”

ಲಚ್ಚಲೆ ಮೂರನೆಯದನ್ನು ಕೇಳಿದಳು. “ಇವಳ ಅಂಚಿನಲ್ಲಿ ಗಾಯಗಳಿವೆ. ಉಳಿ ಮಾಡಿದವಲ್ಲ, ಅರ ಉಜ್ಜಿದವಲ್ಲ. ಯಾವ ಆಯುಧದವು?”

“ಹಲ್ಲಿನವು ತಾಯೀ. ಹಾಲುಹಲ್ಲು. ವಸಡು ನವೆಯುವಾಗ ಕೂಸು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಅಪ್ಪಟ ಬೆಳ್ಳಿ ಮೆತ್ತಗೆ, ಅದಕ್ಕೇ ಗುರುತು ನಿಂತಿದೆ. ಚೂಪಾಗಿರುವ ಈ ಸಾಲು ನಿಮ್ಮದು.” ಅವನು ನಾಣ್ಯವನ್ನು ಬೆಳಕಿಗೆ ಓರೆ ಮಾಡಿದ. “ಪಕ್ಕದಲ್ಲಿ ಇನ್ನೊಂದು ಸಾಲಿದೆ. ಸವೆದು ನಯವಾಗಿದೆ. ಬಹಳ ಹಳೆಯದು. ಇದನ್ನು ನಿಮಗಿಂತ ಮುಂಚೆ ಕಟ್ಟಿಕೊಂಡ ಕೂಸು ಒಂದಿತ್ತು. ನಡುವಿನ ಎರಡು ಹಲ್ಲಿನ ಮಧ್ಯೆ ಸಂದು ಇತ್ತು ಅದಕ್ಕೆ.”

ಅರಸ ಸಿಂಹಾಸನದಿಂದ ಇಳಿದು ಬಂದ. ನಾಣ್ಯ ಇಸಿದುಕೊಂಡು ಆ ಹಳೆಯ ಗುರುತಿನ ಮೇಲೆ ಉಗುರಾಡಿಸಿದ.

“ಈ ಸಂದು ನನಗೆ ಗೊತ್ತು,” ಎಂದ ಮಗಳ ಕಡೆಗೆ ತಿರುಗಿ. “ನಗುವಾಗ ನಾಚಿಕೊಂಡು ಸೆರಗು ಅಡ್ಡ ಹಿಡಿಯುತ್ತಿದ್ದಳು ನಿನ್ನ ತಾಯಿ. ತನ್ನದನ್ನೇ ನಿನಗೆ ಕಟ್ಟಿದ್ದಾಳೆ ಮಗಳೇ.”

ಲಚ್ಚಲೆ ನಾಣ್ಯವನ್ನು ಕೆನ್ನೆಗೆ ಒತ್ತಿಕೊಂಡಳು. ಕಣ್ಣೊರೆಸಿಕೊಂಡು ನಾಗೋಜನನ್ನು ಕೇಳಿದಳು: “ಏನಪ್ಪಾ, ಇದರ ದರ್ಜೆ ಯಾವುದು? ನಿಜ ಹೇಳು.”

“ಬೆಳ್ಳಿ ಅಪ್ಪಟ. ನಾಣ್ಯದ ಲೆಕ್ಕದಲ್ಲಿ ಕಳಪೆ, ಅಮ್ಮಣ್ಣೀ. ಬೋಳು, ಮೂಕ, ಕಚ್ಚಿಸಿಕೊಂಡದ್ದು. ಯಾವ ಪೇಟೆಯಲ್ಲೂ ಇದನ್ನು ತೆಗೆದುಕೊಳ್ಳುವುದಿಲ್ಲ.”

“ಒಳ್ಳೆಯದೇ ಆಯಿತು,” ಎಂದು ಅವಳು ಅಳುವಿನ ನಡುವೆ ನಕ್ಕಳು. ಅವಳ ಹಲ್ಲಿನಲ್ಲೂ ಸಣ್ಣದೊಂದು ಸಂದು ಇತ್ತು.

ಅರಸ ಮಾತಿಗೆ ತಪ್ಪಲಿಲ್ಲ. ಮಾಚ ಮಾತ್ರ ಕೈಮುಗಿದ. “ಬುದ್ಧೀ, ಸೆರೆಯಲ್ಲಿರುವವರನ್ನು ಬಿಟ್ಟುಬಿಡಿ. ತಿಳಿಯದೆ ಹೇಳಿದರು, ಅಷ್ಟೇ. ಮತ್ತೆ... ಅಮ್ಮಣ್ಣಿಗೆ ನಾನು ಒಪ್ಪಿಗೆಯೋ, ಅದನ್ನೂ ಕೇಳಿ.”

“ನನ್ನನ್ನು ಯಾರೂ ಕೇಳಿಯೇ ಇರಲಿಲ್ಲ,” ಎಂದಳು ಲಚ್ಚಲೆ. “ಕೇಳಿದವನು ನೀನೊಬ್ಬನೇ. ಒಪ್ಪಿಗೆ. ಹೋಗಿ ನಿನ್ನ ತಂಗಿಯನ್ನು ಕರೆದುಕೊಂಡು ಬಾ. ನೀನು ಇಲ್ಲೇ ನಿಂತರೆ ಆ ಹುಡುಗಿ ಹಸಿದುಕೊಂಡಿರುತ್ತಾಳೆ.”

“ಅವಳು ಹಸಿದಿರುವುದು ನಿಮಗೆ ಹೇಗೆ ಗೊತ್ತು ತಾಯೀ?”

“ಮನೆಯಲ್ಲಿ ಉಣ್ಣದೆ ಕಾಯುವವರಿರುವವನ ಹಾಗೆ ಇಷ್ಟು ಹೊತ್ತು ಬಾಗಿಲ ಕಡೆಗೇ ನೋಡುತ್ತಿದ್ದೀಯಲ್ಲ!”

ಮಾಚ ನಾಚಿ ತಲೆ ತಗ್ಗಿಸಿದ. ಆಮೇಲೆ ಏಣಿಯನ್ನೂ ಮರೆತು ಮನೆಯ ಕಡೆಗೆ ಓಡಿದ. ಹಾಗೆ ಓಡಿದವನನ್ನು ಆ ಊರು ಅಳಿಯನೆಂದು ಕರೆಯಿತು, ಕಾಲ ಬಂದಾಗ ಅರಸನೆಂದೂ ಕರೆಯಿತು. ಅವರಿಗೆ ಒಲಿದ ಶಿವ ಈ ಕತೆ ಓದಿದವರ ಮನೆಯ ತೊಟ್ಟಿಲನ್ನೂ ಕಾಯಲಿ.