ಹಳೇ ಕಡ್ಡಿಯ ಹೂ

ಬೆಟ್ಟದ ಮೇಲಿನ ಆಶ್ರಮದಲ್ಲಿ ಚೆಂಡಿನಂಥ ಗೊಂಚಲು ಹೂ ಬಿಡುವ ಎರಡು ಹೈಡ್ರಾಂಜಿಯಾ ಗಿಡಗಳಿದ್ದವು. ಬಿಳಿ ಹೂವಿನ ಜಾತಿ ಆಶ್ರಮದ್ದು. ನೀಲಿ ಹೂವಿನದು ಶಿಷ್ಯ ಸಿದ್ದಮಲ್ಲನದು. ಅವನು ಮನೆ ಬಿಟ್ಟು ಬರುವ ದಿನ ಅಕ್ಕ ತನ್ನ ಅಂಗಳದ ಗಿಡದಿಂದ ಒಂದು ಕಡ್ಡಿ ಮುರಿದು ಕೊಟ್ಟಿದ್ದಳು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ.

ಬಿಳಿಯದು ಪ್ರತಿ ಮಳೆಗಾಲ ಮೈತುಂಬ ಹೂ ಬಿಡುತ್ತಿತ್ತು. ನೀಲಿಯದಕ್ಕೆ ಬರೀ ಎಲೆ.

ಈ ಸಲ ಮಳೆ ಶುರುವಾದಾಗ ಊರಿನಿಂದ ಬಂದವರು ಸುದ್ದಿ ತಂದರು. ಅಕ್ಕ ಹಾಸಿಗೆ ಹಿಡಿದಿದ್ದಾಳೆ. ‘ತಮ್ಮನ ಗಿಡ ಹೂ ಬಿಟ್ಟಿತಾ, ಕೇಳ್ಕೊಂಡು ಬನ್ನಿ’ ಅಂದಿದ್ದಾಳೆ.

ಸಿದ್ದಮಲ್ಲ ಒಂದು ಗೊಂಚಲಾದರೂ ಕಳಿಸೋಣವೆಂದು ಬೆಳಗಾದರೆ ಗಿಡದ ಬುಡದಲ್ಲಿ ಕೂರತೊಡಗಿದ. ಅಕ್ಕನನ್ನು ನೋಡಬೇಕೆಂಬ ಆಸೆಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಎಲ್ಲ ಬಿಟ್ಟು ಬಂದವನಿಗೆ ಅದು ನಾಚಿಕೆಯ ಮಾತಾಗಿತ್ತು.

ಗುರುಗಳು ಬಂದು ನಿಂತರು.

“ಏನಪ್ಪಾ, ಗಿಡಕ್ಕೆ ಕಾವು ಕೊಡ್ತಾ ಇದೀಯಾ?”

“ಬುದ್ಧಿ, ಎರಡಕ್ಕೂ ಒಂದೇ ಗೊಬ್ಬರ, ಒಂದೇ ನೀರು. ಇದ್ಯಾಕೆ ಹೂ ಬಿಡಲ್ಲ?”

“ಚಳಿಗಾಲದಲ್ಲಿ ಏನು ಮಾಡ್ತೀಯ?”

“ಎರಡನ್ನೂ ಬುಡದವರೆಗೆ ಸವರ್ತೀನಿ. ಹಳೇ ಕಡ್ಡಿ ಒಂದೂ ಉಳಿಸಲ್ಲ.”

ಗುರುಗಳು ನಕ್ಕುಬಿಟ್ಟರು. “ಬಿಳಿಯದು ಹೊಸ ಚಿಗುರಲ್ಲಿ ಹೂ ಬಿಡೋ ಜಾತಿ. ನಿಮ್ಮಕ್ಕನದು ಹಳೇ ಕಡ್ಡೀಲಿ ಬಿಡೋದು. ಹೂವನ್ನೇ ಕಡಿದು ಹಾಕಿ ಹೂವಿಗೆ ಕಾಯ್ತಾ ಕೂತಿದೀಯಲ್ಲ, ಮಾರಾಯ!”

ಸಿದ್ದಮಲ್ಲನ ಮುಖ ಸಪ್ಪಗಾಯಿತು. “ಹಳೇದನ್ನೆಲ್ಲ ಕಡಿದುಹಾಕು ಅಂತ ತಾವೇ ಹೇಳಿದ್ರಿ, ಬುದ್ಧಿ.”

“ಯಾರಿಗೆ ಹೇಳಿದ್ದೆ?”

“ನಾಗಲಿಂಗನಿಗೆ. ಊರಿನ ಜಗಳಾನೆಲ್ಲ ತಲೇಲಿ ಹೊತ್ಕೊಂಡು ಬಂದಿದ್ನಲ್ಲ, ಅವನಿಗೆ.”

“ಅವನ ಮದ್ದನ್ನ ನೀನು ಕುಡಿದ್ಯಾ?”

ಸಿದ್ದಮಲ್ಲ ತಲೆ ತಗ್ಗಿಸಿ ಕೇಳಿದ:

“ಇನ್ಮೇಲೆ ಸವರಲ್ಲ. ಯಾವಾಗ ಹೂ ಬಿಡುತ್ತೆ?”

“ಮುಂದಿನ ಮಳೆಗಾಲಕ್ಕೆ.”

“ಅಲ್ಲೀವರೆಗೆ ಅಕ್ಕ ಇರ್ತಾಳೋ ಇಲ್ವೋ, ಬುದ್ಧಿ...” ಇಷ್ಟು ವರ್ಷ ತಡೆದಿಟ್ಟುಕೊಂಡ ಅಳು ಗುರುಗಳ ಎದುರಿಗೇ ಬಂದುಬಿಟ್ಟಿತು.

ಗುರುಗಳು ಒಳಗೆ ಹೋಗಿ ತಮ್ಮ ಕೊಡೆಯನ್ನು ತಂದು ಅವನ ಕೈಗಿಟ್ಟರು.

“ಅವಳ ಅಂಗಳದಲ್ಲಿ ತಾಯಿಗಿಡ ಇದೆಯಲ್ಲ, ಹೂ ಬಿಟ್ಟಿರಬೇಕು. ಹೋಗಿ ನೋಡ್ಕೊಂಡು ಬಾ.”